ಯಾವ ಊರಿನ ಸುಬ್ಬ?

ಪಾರ್ತಿಸುಬ್ಬನನ್ನು ‘ಓವರ್‌ರೇಟೆಡ್’ ಎಂದು ಕರೆದ ಮೊದಲ ಮನುಷ್ಯ, ನನಗೆ ತಿಳಿದ ಮಟ್ಟಿಗೆ, ನನ್ನ ಅಕ್ಕನ ಮಗ. ಕರೆದದ್ದು ತೆಕ್ಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ, ಅದೂ ನನ್ನ ದೊಡ್ಡಪ್ಪನ ಎದುರು. ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು. ರಜೆಗೆ ಬಂದವನು ಸುಮ್ಮನೆ ಮೀನು ತಿಂದು ಮಲಗುವುದು ಬಿಟ್ಟು ಅಟ್ಟದ ಮೇಲಿನ ಟ್ರಂಕಿನಿಂದ ಹಳೆಯ ಪ್ರಸಂಗ ಪುಸ್ತಕಗಳ ಕಟ್ಟನ್ನು ಇಳಿಸಿಕೊಂಡ. ಒಂದು ಮಧ್ಯಾಹ್ನ ಪೂರ್ತಿ ಕೂತು ಓದಿದ. ಸಂಜೆ ಚಹಾದ ಹೊತ್ತಿಗೆ ತೀರ್ಪು ಹೊರಬಿತ್ತು. “ಇದ್ರಗೆ ಎಂತ ಇತ್ತ್ ಮಾಮ? ಪ್ರಾಸಕ್ಕೆ ಪ್ರಾಸ, ಯುದ್ಧಕ್ಕೆ ಯುದ್ಧ. ಇವನ ಹೆಸ್ರಲ್ಲಿ ಪ್ರಶಸ್ತಿ ಬೇರೆ!”

ಪ್ರಶಸ್ತಿಯ ಮಾತು ನಿಜ. ಯಕ್ಷಗಾನ ಅಕಾಡೆಮಿ ಪ್ರತಿವರ್ಷ ಹಿರಿಯ ಸಾಧಕರಿಗೆ ಕೊಡುವ ದೊಡ್ಡ ಗೌರವದ ಹೆಸರೇ ಪಾರ್ತಿಸುಬ್ಬ ಪ್ರಶಸ್ತಿ. ದೊಡ್ಡಪ್ಪ ಚಹಾದ ಲೋಟ ಕೆಳಗಿಟ್ಟರು. ಅವರು ಸಿಟ್ಟಾದಾಗ ದನಿ ಏರಿಸುವವರಲ್ಲ, ಇಳಿಸುವವರು. “ಸುಬ್ಬ ಇಲ್ದಿರೆ ನಮ್ ಊರಿನವ್ರೆಲ್ಲ ರಾತ್ರಿ ಪೂರ್ತಿ ಮನಿಕಂತಿದ್ರ್. ಅಷ್ಟೇ,” ಎಂದು ಒಳಗೆ ಹೋದರು.

ನಮ್ಮ ಕಡೆ ಯಾರನ್ನಾದರೂ ಬೈಯಬಹುದು. ಶಾಸಕರನ್ನು, ಮಗಳ ಮಾವನನ್ನು, ಹೆದ್ದಾರಿ ಮಾಡಿದವರನ್ನು, ಒಳ್ಳೆಯ ಮೂಡಿನಲ್ಲಿದ್ದರೆ ದೇವರನ್ನೂ. ಪ್ರಸಂಗಕರ್ತರನ್ನು ಮಾತ್ರ ಯಾರೂ ಬೈಯುವುದಿಲ್ಲ. ಗೌರವ ಇರಬಹುದು. ಆದರೆ ಅರ್ಧ ಜನರಿಗೆ ಅವರ ಹೆಸರೇ ಗೊತ್ತಿಲ್ಲ ಎಂಬುದೂ ಒಂದು ಕಾರಣ ಎಂದು ನನ್ನ ಗುಮಾನಿ. ಅವರಲ್ಲಿ ಪಾರ್ತಿಸುಬ್ಬ ಒಬ್ಬನೇ ಹೆಸರಿನಿಂದಲೇ ಬದುಕಿದವನು. ‘ಯಕ್ಷಗಾನದ ಪಿತಾಮಹ’ ಎಂದು ಸಭೆಗಳಲ್ಲಿ ಕೂಗಿ ಕೂಗಿ ಅವನ ಹೆಸರು ಮಕ್ಕಳ ಕ್ವಿಜ್ಜಿನವರೆಗೂ ಬಂದಿದೆ. ಹುಡುಗನ ಪ್ರಶ್ನೆ ಹೊಸದಲ್ಲ ಎಂದು ಮಾತ್ರ ನನಗೆ ಗೊತ್ತಿತ್ತು. ಆ ಪ್ರಶ್ನೆಯನ್ನು ಅವನಿಗಿಂತ ಬಹಳ ಗಟ್ಟಿಯಾಗಿ, ಓಲೆಗರಿಗಳನ್ನು ಕೈಯಲ್ಲಿ ಹಿಡಿದು ಕೇಳಿದವರು ನಮ್ಮ ಮನೆಯಿಂದ ಹೆದ್ದಾರಿಯಲ್ಲಿ ಹತ್ತು ನಿಮಿಷ ದೂರದ ಕೋಟದವರೇ.

ಶಿವರಾಮ ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ಕ್ಕೆ. ಆಟದ ಚೌಕಿಯನ್ನೂ ಹಸ್ತಪ್ರತಿಯ ಪೆಟ್ಟಿಗೆಯನ್ನೂ ಒಂದೇ ಹುರುಪಿನಲ್ಲಿ ಜಾಲಾಡಿ ಬರೆದ ಪುಸ್ತಕ ಅದು. ಅದಕ್ಕೆ ಮೊದಲು ಮುಳಿಯ ತಿಮ್ಮಪ್ಪಯ್ಯನವರು ಪಾರ್ತಿಸುಬ್ಬನನ್ನು ಕುಂಬಳೆಯವನೆಂದು ಸ್ಥಾಪಿಸಿದ್ದರು. ಯಕ್ಷಗಾನಕ್ಕೆ ಮೂಲಪುರುಷನೇ ಅವನು, ತಾನೇ ಭಾಗವತನಾಗಿ ಮೇಳ ಕಟ್ಟಿದವನು ಎಂಬಷ್ಟು ದೂರ ಹೋಗಿದ್ದರು. ಪದ್ಯಗಳಲ್ಲಿ ಬರುವ ಕಣ್ವಪುರದ ಕೃಷ್ಣ ಎಂದರೆ ಕುಂಬಳೆಯ ಕಣಿಪುರ ಗೋಪಾಲಕೃಷ್ಣ ಎಂಬುದು ಆ ವಾದದ ಗಟ್ಟಿ ಕಂಬ. ಕಾರಂತರು ಮೂಲಪುರುಷನ ಮಾತನ್ನೂ ಒಪ್ಪಲಿಲ್ಲ, ಊರಿನ ಮಾತನ್ನೂ ಒಪ್ಪಲಿಲ್ಲ. ರಾಮಾಯಣದ ಪ್ರಸಂಗಗಳನ್ನು ಬರೆದದ್ದು ಪಾರ್ತಿಸುಬ್ಬನಲ್ಲ, ಅಜಪುರದ ಸುಬ್ಬ ಎಂದರು.

ಅಜಪುರ ಎಂದರೆ ಬ್ರಹ್ಮಾವರ.

ಈಗ ಯೋಚಿಸಿ, ನಮ್ಮ ಕಡೆಯವರ ಕುಶಿ ಹೇಗಿರಬೇಡ! ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಂದಿ ಆಟ ನೋಡುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಹಾರಾಡಿ, ಮಟಪಾಡಿ ಎಂಬ ಎರಡು ನಡೆಗಳಿಗೂ ಹೆಸರು ಕೊಟ್ಟ ಊರುಗಳು ಬ್ರಹ್ಮಾವರದ ಮಗ್ಗುಲಲ್ಲೇ ಇವೆ. ಮಂದಾರ್ತಿಯ ದೇವಿಗೆ ಆಟದ ಹರಕೆ ಹೊತ್ತವರು ತಮ್ಮ ಸರದಿ ಬರುವುದಕ್ಕೆ ವರ್ಷಗಟ್ಟಲೆ ಕಾಯುತ್ತಾರೆ. ಮಾರಣಕಟ್ಟೆ, ಸೌಕೂರು, ಕಮಲಶಿಲೆ, ಕೋಟದ ಅಮೃತೇಶ್ವರಿ ಎಂದು ದೇವಸ್ಥಾನಕ್ಕೊಂದು ಮೇಳ. ಇಷ್ಟೆಲ್ಲ ಇದ್ದೂ ಆದಿಕವಿ ಮಾತ್ರ ಚಂದ್ರಗಿರಿಯ ಕಡೆಯವನು ಎಂಬುದು ಒಳಗೊಳಗೇ ಕೆರೆಯುತ್ತಿದ್ದ ವಿಷಯ. ಕಾರಂತರು ಒಂದು ಪುಸ್ತಕದಲ್ಲಿ ಅವನನ್ನು ಕುಂಬಳೆಯಿಂದ ಎತ್ತಿ ಬ್ರಹ್ಮಾವರದಲ್ಲಿ ಇಳಿಸಿದರು.

ನಾನು ಬ್ರಹ್ಮಾವರದ ಒಂದು ಬ್ಯಾಂಕಿನಲ್ಲಿ ಬಹಳ ವರ್ಷ ಗುಮಾಸ್ತನಾಗಿದ್ದೆ. ಪಕ್ಕದ ಕೌಂಟರಿನಲ್ಲಿ ವಾರಂಬಳ್ಳಿಯ ಸಹೋದ್ಯೋಗಿಯೊಬ್ಬರು. ಕಾರಂತರ ಪುಸ್ತಕವನ್ನು ಅವರು ಓದಿರಲಿಲ್ಲ, ಅದರ ತೀರ್ಮಾನವನ್ನು ಮಾತ್ರ ಬಾಯಿಪಾಠ ಮಾಡಿದ್ದರು. ಚೆಕ್ಕು ಪಾಸು ಮಾಡುತ್ತ ಮಾಡುತ್ತ “ಸುಬ್ಬ ನಮ್ಮವ ಅಲ್ದಾ” ಎನ್ನುವರು. ಅವನ ಮನೆ ಇದ್ದದ್ದು ಯಾವ ಕಡೆ ಎಂದು ಕೇಳಿದರೆ ಒಂದು ದಿನ ಹೊಳೆಯ ಕಡೆ ಕೈ ತೋರಿಸುವರು, ಇನ್ನೊಂದು ದಿನ ದೇವಸ್ಥಾನದ ಕಡೆ. ಕಾಸರಗೋಡಿನ ಕಡೆಯಿಂದ ವರ್ಗವಾಗಿ ಬಂದ ಮ್ಯಾನೇಜರರೊಬ್ಬರು ಒಮ್ಮೆ ಇದನ್ನು ಕೇಳಿಸಿಕೊಂಡು ಹೊರಗೆ ಬಂದರು. ಆ ಮಧ್ಯಾಹ್ನ ಗಿರಾಕಿಗಳು ಸಾಲಿನಲ್ಲಿ ನಿಂತೇ ಒಂದು ತಾಳಮದ್ದಳೆ ಕೇಳಿದರು. ಒಬ್ಬರೂ ತಕರಾರು ಮಾಡಲಿಲ್ಲ. ಒಬ್ಬ ಗಿರಾಕಿಯಂತೂ ಪಾಸುಬುಕ್ಕನ್ನು ಜೇಬಿಗಿಟ್ಟುಕೊಂಡು ಕಾರಂತರ ಪಕ್ಷ ವಹಿಸಿ ಮಾತಾಡಿದರು.

ವಿದ್ವಾಂಸರ ಜಗಳವೇನೂ ಅಲ್ಲಿಗೆ ಮುಗಿಯಲಿಲ್ಲ. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಯಕ್ಷಗಾನಗಳನ್ನು ಸಂಪಾದಿಸಿ, ಕುಂಬಳೆಯ ಪಕ್ಷವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಇವತ್ತು ಹೆಚ್ಚಿನವರು ಒಪ್ಪುವುದು ಕುಂಬಳೆಯನ್ನೇ. ನನಗೂ ಅದೇ ಸರಿ ಎನ್ನಿಸುತ್ತದೆ, ವಾರಂಬಳ್ಳಿಯವರ ಕ್ಷಮೆ ಕೇಳಿ. ಆದರೆ ಊರಿನ ವಾದದಲ್ಲಿ ಸೋತರೂ ಕಾರಂತರು ಇನ್ನೊಂದು ವಾದದಲ್ಲಿ ಸೋಲಲಿಲ್ಲ. ಮೂಲಪುರುಷ ಎಂಬ ಪಟ್ಟ ಸುಬ್ಬನಿಗೆ ಹೊಂದುವುದಿಲ್ಲ ಎಂಬುದಕ್ಕೆ ಸಾಕ್ಷಿಗಳು ಎದ್ದು ಕಾಣುವಷ್ಟಿವೆ.

ಬಳ್ಳಾರಿ ಸೀಮೆಯ ಕುರುಗೋಡಿನ ಸೋಮಸಮುದ್ರದಲ್ಲಿ 1556ರ ಒಂದು ಶಾಸನವಿದೆ. ದೇವಸ್ಥಾನದಲ್ಲಿ ತಾಳಮದ್ದಳೆ ನಡೆಸುವವರಿಗೆ ಭೂಮಿ ಬಿಟ್ಟ ವಿಷಯ ಅದರಲ್ಲಿದೆ. ಅಷ್ಟು ದೂರ ಹೋಗುವುದೂ ಬೇಡ. ಅಜಪುರದ ವಿಷ್ಣು ಎಂಬ ಕವಿಯ ‘ವಿರಾಟಪರ್ವ’ದ ಓಲೆಪ್ರತಿ ಸಿಕ್ಕಿದ್ದು ನಮ್ಮ ಬ್ರಹ್ಮಾವರದಲ್ಲೇ, ಅದನ್ನು 16ನೆಯ ಶತಮಾನಕ್ಕೆ ಸೇರಿಸುತ್ತಾರೆ. ಸುಬ್ಬನ ಕಾಲವನ್ನು ಕೆಲವರು 1600ರ ಆಸುಪಾಸಿಗೆ ಒಯ್ಯುತ್ತಾರೆ, ಕೆಲವರು ಬಹಳ ಈಚೆಗೆ ಎಳೆಯುತ್ತಾರೆ. ಎಲ್ಲಿಗೆ ಒಯ್ದರೂ ವಿಷ್ಣು ಅವನಿಗಿಂತ ಹಿರಿಯ. ಕುಟುಂಬ ಮೊದಲೇ ಇತ್ತು, ಪಿತಾಮಹ ಆಮೇಲೆ ಹುಟ್ಟಿದ ಎಂದರೆ ಯಾವ ಪುರೋಹಿತರೂ ಶ್ರಾದ್ಧ ಮಾಡಿಸಲು ಒಪ್ಪಲಿಕ್ಕಿಲ್ಲ.

ಇನ್ನೊಂದು ತಕರಾರು ಕೇರಳದ ಕಡೆಯಿಂದ ಬರುವಂಥದು. ಕೊಟ್ಟಾರಕ್ಕರದ ತಂಪುರಾನ್ 17ನೆಯ ಶತಮಾನದಲ್ಲಿ ರಾಮಾಯಣವನ್ನು ಎಂಟು ಭಾಗ ಮಾಡಿ ‘ರಾಮನಾಟ್ಟಂ’ ಬರೆದ. ಕಥಕಳಿ ಬೆಳೆದದ್ದು ಅದರಿಂದ. ಸುಬ್ಬ ರಾಮಾಯಣವನ್ನು ಕತ್ತರಿಸಿದ ರೀತಿಗೂ ಈ ಎಂಟು ಕಥೆಗಳಿಗೂ ನೆಂಟಸ್ತಿಕೆ ಇದೆ, ಪದ್ಯಗಳಲ್ಲೂ ಅಲ್ಲಲ್ಲಿ ಹೋಲಿಕೆ ಇದೆ ಎಂದು ವಿದ್ವಾಂಸರು ತೋರಿಸಿದ್ದಾರೆ. ಕನ್ನಡದ ಕಡೆಯಿಂದ ತೊರವೆ ರಾಮಾಯಣದ ಋಣ ಬೇರೆ. ಇದನ್ನು ಕೇಳಿದ ನನ್ನ ಅಳಿಯನ ಮುಖ ಅರಳಿತು. “ಹಾಂಗಾರೆ ಕಾಪಿ!” ಎಂದ. ನಾನು ಅವನಿಗೆ ಒಂದು ಲೆಕ್ಕ ಮಾತ್ರ ನೆನಪಿಸಿದೆ. ತಂಪುರಾನ್‌ನಿಂದ ಸುಬ್ಬ ಕಲಿತದ್ದು ನಿಜವಾದರೆ, ಅವನ ಕಾಲ 1600 ಆಗುವುದು ಸಾಧ್ಯವಿಲ್ಲ. ಹಾಗೆಂದ ಮೇಲೆ ‘ಆದಿಕವಿ’ ಎಂಬ ಮಾತನ್ನು ಅವನ ಅಭಿಮಾನಿಗಳೇ ಕೈಬಿಡಬೇಕಾಗುತ್ತದೆ. ಕಾಪಿಯ ವಿಷಯಕ್ಕೆ ಬಂದರೆ, ರಾಮಾಯಣ ಬರೆದವರಲ್ಲಿ ವಾಲ್ಮೀಕಿಯೊಬ್ಬನನ್ನು ಬಿಟ್ಟು ಉಳಿದವರೆಲ್ಲ ಅದೇ ಬೆಂಚಿನಲ್ಲಿ ಕೂತವರು.

ನಿವೃತ್ತಿಯಾದ ಮೇಲೆ ಕುಂಬಳೆಗೆ ಒಮ್ಮೆ ಹೋಗಿ ಬಂದೆ. ಹೆಂಡತಿಗೆ ದೇವರ ದರ್ಶನ, ನನಗೆ ಸುಬ್ಬನ ದರ್ಶನ ಎಂದು ಕರಾರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಆ ದೇವಸ್ಥಾನದ ಅಂಗಳದಲ್ಲಿ ಕನ್ನಡ ಕೇಳಿಸುತ್ತದೆ, ತುಳು ಕೇಳಿಸುತ್ತದೆ, ಮಲಯಾಳವೂ ಕೇಳಿಸುತ್ತದೆ. ಕಟ್ಟೆಯ ಮೇಲೆ ಕೂತ ವೃದ್ಧರೊಬ್ಬರನ್ನು ಮಾತಿಗೆಳೆದೆ. ಸುಬ್ಬನ ಹೆಸರು ಎತ್ತುತ್ತಲೇ ಅವರು “ಎಲ್ಲಿಂದ ಬಂದದ್ದು?” ಎಂದರು. ಕುಂದಾಪುರ ಎಂದೆ. “ಬಡಗಿನವರಾ? ಹಾಗಾದರೆ ನೀವು ನಮ್ಮ ಸುಬ್ಬನನ್ನು ಕೊಂಡುಹೋಗಲು ಬಂದವರು,” ಎಂದು ನಕ್ಕರು. ಇಲ್ಲ, ವಾಪಸು ಕೊಡಲು ಬಂದೆ ಎಂದೆ. ಆಮೇಲೆ ಅವರು ಸುಬ್ಬನ ವಿಚಾರ ಒಂದು ಮಾತೂ ಆಡಲಿಲ್ಲ. ಅವನ ‘ಪಂಚವಟಿ’ಯ ಪದ್ಯವೊಂದನ್ನು ಗುನುಗಿದರು. ತೆಂಕಿನ ಧಾಟಿ. ನನ್ನ ಕಿವಿಗೆ ಒಗ್ಗಿದ ಓಟವೇ ಬೇರೆ, ಏರಿಳಿತವೇ ಬೇರೆ. ಆದರೂ ಎರಡನೆಯ ಸಾಲಿಗೆ ನನ್ನ ತುಟಿ ಅಲುಗಿತು, ಮೂರನೆಯದಕ್ಕೆ ನಾನೂ ಸೇರಿದೆ. ಹೆಂಡತಿ ಪ್ರಸಾದ ಹಿಡಿದು ಬಂದಾಗ ನಾವಿಬ್ಬರೂ ತೊಡೆ ತಟ್ಟುತ್ತಿದ್ದೆವು.

ಹುಡುಗನ ಆಪಾದನೆಗೆ ಉತ್ತರ ಹುಡುಕಬೇಕಾದದ್ದು ಇಂಥ ಕಡೆ ಎಂದು ನನ್ನ ವಾದ. ಪ್ರಸಂಗ ಪುಸ್ತಕದಲ್ಲಿ ಏನಿರುತ್ತದೆ ಎಂಬುದನ್ನು ನೋಡಿ. ನಮ್ಮ ಟ್ರಂಕಿನಲ್ಲಿದ್ದವು ಉಡುಪಿಯ ಪಾವಂಜೆ ಗುರುರಾವ್ ಆ್ಯಂಡ್ ಸನ್ಸ್ ಅವರು ಅಚ್ಚು ಹಾಕಿಸುತ್ತಿದ್ದ ತೆಳ್ಳನೆಯ ಪುಸ್ತಕಗಳು. ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳ: ಸೌರಾಷ್ಟ್ರ ತ್ರಿವುಡೆ, ಕಾಂಬೋಧಿ ಝಂಪೆ, ಸಾಂಗತ್ಯ ರೂಪಕ. ನಡುವೆ ಕಂದ, ಭಾಮಿನಿ, ವಾರ್ಧಕ. ಇಷ್ಟೇ. ಮಾತು ಎಂಬುದು ಒಂದಕ್ಷರವೂ ಇಲ್ಲ. ವೇಷ ಎಲ್ಲಿಂದ ಬರಬೇಕು, ಹೇಗೆ ಕುಣಿಯಬೇಕು, ಎಷ್ಟು ಹೊತ್ತು ಮಾತಾಡಬೇಕು, ಯಾವುದೂ ಇಲ್ಲ. ಉಳಿದದ್ದನ್ನೆಲ್ಲ ಭಾಗವತ, ಚಂಡೆ, ಮದ್ದಳೆ, ವೇಷಧಾರಿ, ಅರ್ಥಧಾರಿ ಸೇರಿ ತುಂಬಬೇಕು. ಇದನ್ನು ಒಂದು ಮಧ್ಯಾಹ್ನ ಕೂತು ಸುಮ್ಮನೆ ಓದುವುದೆಂದರೆ ಮದುವೆಯ ಊಟವನ್ನು ಜೀನಸಿನ ಚೀಟಿಯಿಂದ ರುಚಿ ನೋಡಿದ ಹಾಗೆ.

ನಮ್ಮ ಮನೆಯಲ್ಲಿ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರಿಗೂ ಕೆಲಸವಿಲ್ಲ, ನಟ್ಟಿ ಮುಗಿದ ಮೇಲೆ ನಮಗೂ ಕೆಲಸವಿಲ್ಲ. ಚಿಮಣಿ ಎಣ್ಣೆಯ ಲಾಟೀನು, ಹೊರಗೆ ಧೋ ಎಂದು ಸುರಿಯುವ ಮಳೆ, ಒಳಗೆ ಸುಟ್ಟ ಹಲಸಿನ ಹಪ್ಪಳ. ದೊಡ್ಡಪ್ಪನದು ಯಾವಾಗಲೂ ರಾಮ. ನನಗೆ ಮೀಸೆ ಮೂಡುವ ಹೊತ್ತಿಗೆ ‘ಪಂಚವಟಿ’ಯ ಲಕ್ಷ್ಮಣ ದಕ್ಕಿತು. ಲಕ್ಷ್ಮಣನಿಗೆ ಸಿಟ್ಟು ಜಾಸ್ತಿ, ಪದ್ಯ ಕಮ್ಮಿ ಎಂದು ಹೇಳಿಯೇ ಕೊಟ್ಟದ್ದು. ಆ ಪ್ರಸಂಗದಲ್ಲಿ ಮಾಯಾ ಶೂರ್ಪನಖಿ ರಾಮನ ಹತ್ತಿರ ಬರುತ್ತಾಳೆ, ಅವನು ತಮ್ಮನ ಹತ್ತಿರ ಅಟ್ಟುತ್ತಾನೆ, ತಮ್ಮ ಅಣ್ಣನ ಹತ್ತಿರ ಅಟ್ಟುತ್ತಾನೆ. ಪದ್ಯದಲ್ಲಿ ಒಂದು ನುಡಿ ಅವಳದು, ಮುಂದಿನ ನುಡಿ ಇವನದು. ಅವಳು ಕೇಳಿದ್ದಕ್ಕೆ ಇವನ ಉತ್ತರ, ಆ ಉತ್ತರದ ಬಾಲ ಹಿಡಿದು ಅವಳ ಮುಂದಿನ ಪ್ರಶ್ನೆ.

ಅಂದು ಶೂರ್ಪನಖಿಯ ಅರ್ಥ ಹೇಳಿದವರು ಹೆಮ್ಮಾಡಿಯ ಕಡೆಯ ಒಬ್ಬ ಮೇಸ್ಟ್ರು, ಗಂಭೀರ ಮನುಷ್ಯ, ಶಾಲೆಯಲ್ಲಿ ಬೆತ್ತವಿಲ್ಲದೆ ಓಡಾಡದವರು. ಅವರು ಅಂದು ಆಡಿದ ಬಿನ್ನಾಣ ಕೇಳಿ ಒಳಗೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅಷ್ಟು ಮಾತಿಗೆ ಸುಬ್ಬ ಕೊಟ್ಟದ್ದು ನಾಲ್ಕು ಸಾಲು. ನಾಲ್ಕರಲ್ಲೂ ಕಷ್ಟದ ಶಬ್ದ ಒಂದಿಲ್ಲ. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆ ಪದ್ಯಗಳನ್ನು ಅವಳು ಗದ್ದೆಯಲ್ಲಿ ಹೇಳುತ್ತಿದ್ದಳು, ತೊಟ್ಟಿಲು ತೂಗುವಾಗ ಹೇಳುತ್ತಿದ್ದಳು, ಸೊಸೆಯಂದಿರಿಗೆ ಕುಟುಕಬೇಕಾದಾಗಲೂ ಅಲ್ಲಿಂದಲೇ ಒಂದು ಸಾಲು ಎಳೆಯುತ್ತಿದ್ದಳು. ಇಂಥ ಸಾಲು ಬರೆಯುವುದು ಸುಲಭ ಎಂದು ಹೇಳುವವರು ಒಂದು ಬರೆದು ತೋರಿಸಲಿ. ಪ್ರಾಸ ಕೂಡಬೇಕು, ತಾಳಕ್ಕೆ ಬೀಳಬೇಕು, ಪಾತ್ರದ ಬಾಯಿಗೆ ಒಪ್ಪಬೇಕು. ಇಷ್ಟೆಲ್ಲ ಆದ ಮೇಲೆ ಕವಿ ಅಲ್ಲಿಂದ ಎದ್ದು ಹೋಗಿ ಅರ್ಥಧಾರಿಗೆ ಜಾಗ ಬಿಡಬೇಕು. ಕೊನೆಯದೇ ಕಷ್ಟ. ಕವಿಗಳಿಗೆ ಎದ್ದು ಹೋಗುವುದು ಬರುವುದಿಲ್ಲ.

ವಾಲಿಯ ಪ್ರಕರಣ ಇದಕ್ಕಿಂತ ದೊಡ್ಡದು. ಮರೆಯಲ್ಲಿ ನಿಂತು ಹೊಡೆದ ಬಾಣ ಎದೆಗೆ ನಾಟಿದೆ, ಹೊಡೆದವನು ಎದುರಿಗೆ ಬಂದಿದ್ದಾನೆ, ಬಿದ್ದವನು ಕೇಳುತ್ತಿದ್ದಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರು ಯಾರೂ ಮರೆತಿಲ್ಲ. ನಮ್ಮ ಅಪ್ಪ ಅದನ್ನು ಕೇಳಲು ಎಷ್ಟು ದೂರ ಬೇಕಾದರೂ ಹೋಗುತ್ತಿದ್ದರು, ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಒಂದು ಪದ್ಯ ಹಾಡಿ ಭಾಗವತರು ತಾಳ ಕೆಳಗಿಟ್ಟರೆ, ಶೇಣಿಯವರು ಧರ್ಮಶಾಸ್ತ್ರ, ರಾಜನೀತಿ, ಕುಟುಂಬದ ಒಳಜಗಳ ಎಲ್ಲವನ್ನೂ ಆ ಒಂದು ಪದ್ಯದ ಒಳಗಿನಿಂದ ಹೊರಗೆ ತೆಗೆಯುತ್ತಿದ್ದರು. ರಾಮನ ಅರ್ಥ ಹೇಳುವವರು ಬೆವರುತ್ತಿದ್ದರು. ಅದು ಶೇಣಿಯವರ ಪ್ರತಿಭೆ, ಅನುಮಾನವಿಲ್ಲ. ಆದರೆ ಅವರು ಅಷ್ಟು ಹೊತ್ತು ನಿಂತದ್ದು ಯಾವ ನೆಲದ ಮೇಲೆ? ವಾಲಿಯ ಬಾಯಿಗೆ ಪ್ರಶ್ನೆಯನ್ನು ಕೊಟ್ಟು, ರಾಮನ ಉತ್ತರವನ್ನು ಅವನಿಗೆ ಪೂರ್ತಿ ಸಾಲದಷ್ಟೇ ಅಳೆದು ಕೊಟ್ಟ ಕವಿಯ ನೆಲದ ಮೇಲೆ. ದೇವರನ್ನು ಭಜಿಸುವ ಕವಿಯೊಬ್ಬ, ದೇವರ ಎದುರಾಳಿಗೆ ಇಷ್ಟು ಅವಕಾಶ ಬಿಟ್ಟದ್ದು ನನಗೆ ಇವತ್ತಿಗೂ ಆಶ್ಚರ್ಯ. ‘ಅಂಗದ ಸಂಧಾನ’ದಲ್ಲೂ ಇದೇ. ರಾವಣನ ಒಡ್ಡೋಲಗದಲ್ಲಿ ಅಂಗದನಿಗೆ ಮಾತಿನ ಗೆಲುವು ಸಿಗುವುದು ನಿಜ, ರಾವಣನೂ ಬಾಯಿ ಮುಚ್ಚಿ ಕೂರುವುದಿಲ್ಲ.

ಹಾಗೆಂದು ಅಳಿಯನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಯುದ್ಧದ ಪದ್ಯಗಳಲ್ಲಿ ಅವನು ಹೇಳಿದ್ದರಲ್ಲಿ ಹುರುಳಿದೆ. ಒಬ್ಬನು ಖಾತಿಗೊಂಡು ಬಾಣ ಬಿಡುತ್ತಾನೆ, ಇನ್ನೊಬ್ಬನು ಅದನ್ನು ತರಿದು ತಾನೂ ಬಿಡುತ್ತಾನೆ. ಇಂದ್ರಜಿತುವಿನ ಪದ್ಯವನ್ನು ಕುಂಭಕರ್ಣನ ಬಾಯಿಗಿಟ್ಟರೆ ರಾತ್ರಿ ಮೂರು ಗಂಟೆಗೆ ಯಾರಿಗೂ ತಿಳಿಯದು. ಪ್ರಾಸ ಕೂಡಿಸಲು ತುರುಕಿದ ಶಬ್ದಗಳಿವೆ, ರಾಮನನ್ನು ಕರೆಯುವ ಹತ್ತು ವಿಶೇಷಣಗಳು ಸರದಿಯ ಮೇಲೆ ಬಂದುಹೋಗುತ್ತವೆ. ಕಥೆ ಓಡಿಸಬೇಕಾದಲ್ಲಿ ಸುಬ್ಬ ಓಡಿಸುತ್ತಾನೆ, ಅಷ್ಟೆ. ಇವನ್ನು ಒಪ್ಪಿಕೊಂಡರೆ ದೊಡ್ಡಪ್ಪನಿಗೆ ಸಿಟ್ಟು ಬರುತ್ತದೆ ಎಂದು ಒಪ್ಪಿಕೊಳ್ಳದೆ ಇರುವುದು ಸರಿಯಲ್ಲ. ಪೂಜೆಗೆ ಕೂತವರಿಗೆ ಒಳ್ಳೆಯ ಪದ್ಯ, ಸಾಧಾರಣ ಪದ್ಯ ಎಂಬ ವ್ಯತ್ಯಾಸ ಕಾಣುವುದಿಲ್ಲ. ಇದರಿಂದ ನಷ್ಟವಾಗುವುದು ಒಳ್ಳೆಯ ಪದ್ಯಕ್ಕೆ.

ಇನ್ನು ಕೀರ್ತಿ ಯಾರ ಪಾಲಿಗೆ ಹೋಗುತ್ತದೆ ಎಂಬ ವಿಷಯ. ಭಾಗವತ ಗುಂಡ್ಮಿ ಕಾಳಿಂಗ ನಾವಡರು 1958ರಲ್ಲಿ ಹುಟ್ಟಿ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದರು. ನಾರ್ಣಪ್ಪ ಉಪ್ಪೂರರ ಶಿಷ್ಯ. ಇಷ್ಟು ಕಮ್ಮಿ ಆಯುಷ್ಯದಲ್ಲಿ ಬಡಗಿನ ಪದ್ಯವನ್ನೇ ಬದಲಾಯಿಸಿ ಹೋದ ಮನುಷ್ಯ. ನನ್ನ ಪ್ರಾಯದ ಕುಂದಾಪುರದವರಿಗೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅವರ ಕ್ಯಾಸೆಟ್ಟು ಮೊಳಗುತ್ತಿದ್ದರೆ ಬಸ್ಸು ತಪ್ಪಿದರೂ ಬೇಸರವಿರಲಿಲ್ಲ. ‘ನಾಗಶ್ರೀ’ಯನ್ನು ಅವರೇ ಬರೆದು ಅವರೇ ಹಾಡಿದರು, ಅಲ್ಲಿ ಕವಿ ಯಾರು, ಭಾಗವತ ಯಾರು ಎಂಬ ಗೊಂದಲವಿಲ್ಲ. ಆದರೆ ಪುರಾಣ ಪ್ರಸಂಗ ಹಾಡಿದ ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಕೇಳಿಬರುತ್ತಿದ್ದದ್ದು ‘ನಾವಡ್ರ ಪದ್ಯ ಕೇಂಡ್ಯಾ?’ ಎಂದೇ. ಪದ್ಯ ಸುಬ್ಬನದೋ, ಇನ್ನೊಬ್ಬ ಪ್ರಸಂಗಕರ್ತ ದೇವಿದಾಸನದೋ ಎಂದು ಯಾರೂ ಕೇಳಿದ್ದು ನಾನು ಕೇಳಿಲ್ಲ. ಅದರಲ್ಲಿ ಅನ್ಯಾಯವೂ ಇಲ್ಲ ಎನ್ನಿ. ಪದ್ಯ ಗಂಟಲಿನಿಂದ ಗಂಟಲಿಗೆ ದಾಟಿ ಬಂದ ಆಸ್ತಿ. ಈಗಲೂ ನವರಾತ್ರಿಯಲ್ಲಿ ಹೂವಿನಕೋಲಿನ ಮಕ್ಕಳು ಬಂದು ಎದುರುಬದುರು ಕೂತು ತಮ್ಮ ಪಾಲಿನ ಅರ್ಥ ಒಪ್ಪಿಸುವಾಗ, ಉಪ್ಪಿನಕುದ್ರಿನ ಸೂತ್ರದ ಗೊಂಬೆಗಳು ರಾಮಾಯಣ ಆಡುವಾಗ, ಕವಿ ಯಾರೆಂದು ಯಾರಿಗೂ ಬೇಕಾಗುವುದಿಲ್ಲ.

ಹಾಗಾದರೆ ಸುಬ್ಬನಿಗೆ ಸಿಕ್ಕ ಮರ್ಯಾದೆ ಯಾವುದಕ್ಕೆ? ಹಳಬ ಎಂಬುದಕ್ಕೆ. ಈ ಗುಟ್ಟು ನಮ್ಮ ಕುಂದಾಪುರದ ಶಾಲೆಯಲ್ಲಿ ಸ್ವಲ್ಪ ಕಾಲ ವ್ಯಾಯಾಮ ಕಲಿಸುತ್ತಿದ್ದ ಒಬ್ಬ ಬಡ ಮೇಸ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ನಂದಳಿಕೆ ಲಕ್ಷ್ಮೀನಾರಣಪ್ಪ, ನಮಗೆಲ್ಲ ಮುದ್ದಣ (1870–1901). ಹಗಲು ಹುಡುಗರಿಗೆ ಡ್ರಿಲ್, ರಾತ್ರಿ ಕಾವ್ಯ. ಯಕ್ಷಗಾನವನ್ನೂ ಬರೆದವನೇ, ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಅವನವು. ತನ್ನ ‘ಅದ್ಭುತ ರಾಮಾಯಣ’, ‘ಶ್ರೀರಾಮಾಶ್ವಮೇಧ’ಗಳನ್ನು ಮೈಸೂರಿನ ಪಂಡಿತರಿಗೆ ಕಳಿಸುವಾಗ ತಾನು ಬರೆದದ್ದೆಂದು ಹೇಳಲಿಲ್ಲ, ಹಳೆಯ ಕಾವ್ಯದ ಸೋಗು ಹಾಕಿ ಕಳಿಸಿದ. ಪಂಡಿತರು ಮೆಚ್ಚಿ ಅಚ್ಚು ಹಾಕಿದರು. ಡ್ರಿಲ್ ಮೇಸ್ಟ್ರು ಬರೆದದ್ದು ಎಂದು ತಿಳಿದಿದ್ದರೆ ಎಷ್ಟು ಮಂದಿ ತಲೆದೂಗುತ್ತಿದ್ದರು? ಮೂವತ್ತೊಂದಕ್ಕೇ ಕ್ಷಯದಿಂದ ತೀರಿಹೋದ ಅವನಿಗೆ ಬದುಕಿದ್ದಾಗ ಕೀರ್ತಿ ದಕ್ಕಲಿಲ್ಲ. ನನಗೆ ಈ ಕಥೆ ನೆನಪಾದಾಗಲೆಲ್ಲ ಸುಬ್ಬನ ಬಗ್ಗೆ ಒಂದು ತುಂಟ ಯೋಚನೆ ಬರುತ್ತದೆ. ಅವನೇನಾದರೂ ಇವತ್ತು ಕುಂಬಳೆಯಿಂದಲೋ ಬ್ರಹ್ಮಾವರದಿಂದಲೋ ಒಂದು ಹೊಸ ಪ್ರಸಂಗ ಬರೆದು ತಂದರೆ, ‘ಚೆನ್ನಾಗಿದೆ, ಸ್ವಲ್ಪ ಹಾಸ್ಯ ಸ್ವಲ್ಪ ಸಸ್ಪೆನ್ಸ್ ಸೇರಿಸಿ, ಕಾಲಮಿತಿಗೆ ಕಡಿಮೆ ಮಾಡಿ’ ಎಂದು ಹೇಳಿ ಕಳಿಸುವವರೇ ಹೆಚ್ಚು.

ಬೈಂದೂರಿನ ಕಡೆಯ ಮೊಗೇರಿಯ ಗೋಪಾಲಕೃಷ್ಣ ಅಡಿಗರ ಕಥೆ ಇದರ ತಿರುವುಮುರುವು. ‘ಚಂಡೆಮದ್ದಳೆ’ (1954) ಎಂದು ಸಂಕಲನಕ್ಕೆ ಹೆಸರಿಟ್ಟು ಹಾಡಿನ ದಾರಿ ಬಿಟ್ಟು ಬೇರೆ ದಾರಿ ಕಡಿದರು. ಜನ ಅವರನ್ನು ಇವತ್ತಿಗೂ ಹಿಡಿದುಕೊಂಡಿರುವುದು ಅವರು ಮೊದಲು ಬರೆದ ಹಾಡಿನಿಂದ, ‘ಯಾವ ಮೋಹನ ಮುರಲಿ’ಯಿಂದ. ‘ಭೂಮಿಗೀತ’ ಓದದವರೂ ಅದನ್ನು ಬಾತ್‌ರೂಮಿನಲ್ಲಿ ಹಾಡುತ್ತಾರೆ. ಅಡಿಗರ ದೊಡ್ಡತನ ಅಲ್ಲಿಲ್ಲ ಎಂದು ವಿಮರ್ಶಕರು ಹೇಳಿ ಸಾಕಾಗಿದ್ದಾರೆ, ಹಾಡುವವರು ನಿಲ್ಲಿಸಿಲ್ಲ. ಸುಬ್ಬನಿಗೂ ಹಾಗೆಯೇ, ಮರ್ಯಾದೆ ಒಂದಕ್ಕೆ, ದೊಡ್ಡತನ ಇನ್ನೊಂದರಲ್ಲಿ.

ನನ್ನ ತೀರ್ಪು ಕೇಳುವುದಾದರೆ, ಪಾರ್ತಿಸುಬ್ಬನಿಗೆ ಕೊಟ್ಟ ಪಿತಾಮಹ ಪಟ್ಟ ಜಾಸ್ತಿಯಾಯಿತು. ಅದನ್ನು ಅಜಪುರದ ವಿಷ್ಣುವಿಗೂ, ಹೆಸರಿಲ್ಲದೆ ಹೋದ ಹಳೆಯ ಭಾಗವತರಿಗೂ ಹಂಚಿ ಬಿಡಬಹುದು. ಆದರೆ ರಂಗಕ್ಕೆ ಪದ್ಯ ಕಟ್ಟಿದ ಕಸುಬುದಾರನಾಗಿ ಅವನಿಗೆ ಸಿಕ್ಕಿದ್ದು ಕಡಿಮೆಯೇ. ‘ಪಂಚವಟಿ’, ವಾಲಿವಧೆ, ‘ಅಂಗದ ಸಂಧಾನ’ ಈ ಮೂರನ್ನೇ ಇಟ್ಟುಕೊಂಡರೂ ಅವನಿಗೆ ಸಮನಾಗಿ ಅರ್ಥಧಾರಿಯನ್ನು ಮಾತಾಡಿಸಿದ ಕವಿ ಯಕ್ಷಗಾನದಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಹೇಳಬಲ್ಲೆ. ದೇವಿದಾಸನ ಅಭಿಮಾನಿಗಳು ಜಗಳಕ್ಕೆ ಬರುವುದಾದರೆ ಬರಲಿ, ಮಳೆಗಾಲದಲ್ಲಿ ಮನೆಯಲ್ಲೇ ಇರುತ್ತೇನೆ, ಹಪ್ಪಳವೂ ಇರುತ್ತದೆ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಳಿದ ಒಂದು ಪ್ರಶ್ನೆಗೆ ಮಾತ್ರ ನಾನಾಗಲೀ ದೊಡ್ಡಪ್ಪನಾಗಲೀ ಜವಾಬು ಕೊಡಲಿಲ್ಲ. ಮನೆಗೆ ಬಂದಿದ್ದ ಒಂದು ಆಟದ ಕರಪತ್ರ ಹಿಡಿದು ತೋರಿಸಿದ. ಹರಕೆಯವರ ಹೆಸರಿತ್ತು, ಭಾಗವತರದಿತ್ತು, ಚಂಡೆ ಮದ್ದಳೆಯವರದು, ಮುಮ್ಮೇಳದವರೆಲ್ಲರದು, ಹೂವಿನ ಅಲಂಕಾರದವರದು, ಧ್ವನಿವರ್ಧಕದವರದು ಫೋನ್ ನಂಬರಿನ ಸಮೇತ. “ಅಷ್ಟ್ ದೊಡ್ಡ ಕವಿ ಆರೆ ಅವನ ಹೆಸ್ರ್ ಎಲ್ಲಿತ್ತ್?” ಎಂದ.

ಮೇಳದ ಯಜಮಾನರೇ, ತಾಳಮದ್ದಳೆ ಸಂಘಗಳವರೇ, ಆಟ ಆಡಿಸುವ ಹತ್ತು ಸಮಸ್ತರೇ, ಮುಂದಿನ ಸಲ ಕರಪತ್ರ ಅಚ್ಚಿಗೆ ಕೊಡುವಾಗ ಪ್ರಸಂಗದ ಹೆಸರಿನ ಕೆಳಗೆ ಪದ್ಯ ಬರೆದವನ ಹೆಸರನ್ನೂ ಒಂದು ಸಾಲಿನಲ್ಲಿ ಹಾಕಿಸಿ. ಯಾವ ಊರಿನವನು ಎಂದು ಸಮಿತಿಯಲ್ಲಿ ಜಗಳವಾದರೆ ಊರು ಬಿಟ್ಟು ಬರೀ ಸುಬ್ಬ ಎಂದೇ ಹಾಕಿ.